ಈಸ್ಟರ್ ಕಳೆದ ಮೇಲೆ ಹೊರಡುತ್ತಿದ್ದ ದೋಣಿಗಳು

ಗ್ರೀಕ್ ಮಾಲೀಕರ ಸರಕು ಹಡಗುಗಳಲ್ಲಿ ನಮ್ಮ ಕರಾವಳಿಯವರು ಅನೇಕರು ದುಡಿದಿದ್ದೇವೆ. ನಾನು ಎಂಜಿನ್ ರೂಮಿನವನು. ನಮ್ಮ ಹಡಗಿನ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಏಜಿಯನ್ ಸಮುದ್ರದ ಕಾಲಿಮ್ನೋಸ್ ದ್ವೀಪದವನು. ಅವನ ಅಪ್ಪ, ಅಜ್ಜ, ಅಜ್ಜನ ಅಣ್ಣತಮ್ಮಂದಿರು ಎಲ್ಲರೂ ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುವವರು. ಇವನನ್ನು ಮಾತ್ರ ಅಪ್ಪ ಹದಿನಾರನೇ ವಯಸ್ಸಿಗೇ ಹಡಗಿಗೆ ಅಟ್ಟಿದ್ದ. "ಸಮುದ್ರದ ಮೇಲೆ ಎಲ್ಲಿ ಬೇಕಾದರೂ ಹೋಗು, ಕೆಳಗೆ ಮಾತ್ರ ಇಳಿಯಬೇಡ" ಎಂದನಂತೆ.

1980ರ ದಶಕದ ಆರಂಭದಲ್ಲಿ ನಮ್ಮ ಹಡಗು ರಿಪೇರಿಗೆಂದು ಪಿರೇಯಸ್ ಬಂದರಿನ ಹತ್ತಿರ ನಿಂತಾಗ ಬೋಸನ್ ನನ್ನನ್ನು ಊರಿಗೆ ಕರೆದುಕೊಂಡು ಹೋದ. ರಾತ್ರಿಯೆಲ್ಲ ಫೆರ್ರಿಯ ಡೆಕ್ಕಿನಲ್ಲಿ ಕುಳಿತು ಬೆಳಿಗ್ಗೆ ಪೋಥಿಯಾದ ದಕ್ಕೆಗೆ ಇಳಿದೆವು. ದ್ವೀಪಕ್ಕೆ ದೊಡ್ಡ ಊರು ಅದೇ. ಬೋಳು ಸುಣ್ಣಕಲ್ಲಿನ ಗುಡ್ಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಮನೆಗಳು, ಬಹುಪಾಲು ಬಿಳಿ ಮತ್ತು ನೀಲಿ. 1912ರಿಂದ ಮೂರು ದಶಕ ಇಟಲಿಯವರು ಇಲ್ಲಿ ಆಳುತ್ತಿದ್ದಾಗ ಅವರನ್ನು ಕೆಣಕಲೆಂದೇ ಜನ ಗ್ರೀಕ್ ಬಾವುಟದ ಬಣ್ಣವನ್ನು ಗೋಡೆಗೆ ಬಳಿದರು ಎಂದು ಬೋಸನ್ ಹೆಮ್ಮೆಯಿಂದ ಹೇಳಿದ. ಕಾಲಿಮ್ನೋಸ್ ಸೇರಿದಂತೆ ಡೋಡೆಕನೀಸ್ ದ್ವೀಪಗಳು ಅಧಿಕೃತವಾಗಿ ಗ್ರೀಸಿಗೆ ಸೇರಿದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ.

ದಕ್ಕೆಯಲ್ಲಿ ಮೂಗಿಗೆ ಬಡಿದ ವಾಸನೆ ಮೀನಿನದಲ್ಲ. ಸ್ಪಂಜು ಎಂದರೆ ಹಳದಿ ಬಣ್ಣದ ಮೆತ್ತನೆಯ ವಸ್ತು ಎಂದುಕೊಂಡವರು ಅದು ಸಮುದ್ರದಿಂದ ಬರುವ ಸ್ಥಿತಿಯನ್ನು ನೋಡಬೇಕು. ಕಪ್ಪು ತೊಗಲು ಹೊದ್ದ ಜೀವಿ ಅದು. ದೋಣಿಯ ಹಲಗೆಯ ಮೇಲೆ ಹಾಕಿ ಬರಿಗಾಲಲ್ಲಿ ತುಳಿದರೆ ಹಾಲಿನಂಥ ರಸ ಒಸರುತ್ತದೆ. ಒಳಗಿನ ಜೀವಾಂಶ ಕೊಳೆಯಬೇಕು, ಹಗ್ಗಕ್ಕೆ ಪೋಣಿಸಿ ಮತ್ತೆ ಮತ್ತೆ ಸಮುದ್ರದಲ್ಲಿ ಜಾಲಾಡಬೇಕು, ಬಡಿಯಬೇಕು. ಕೊನೆಗೆ ಉಳಿಯುವ ನಾರಿನ ಬಲೆಯೇ ಅಂಗಡಿಯ ಸ್ಪಂಜು. ಬೋಸನ್ನನ ಸೋದರಮಾವ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಮಿಕ್ಕಿದ್ದನ್ನು ನೋಡಿದೆ. ಅಂಟಿಕೊಂಡ ಚಿಪ್ಪು, ಮರಳು ಬಿಡಲು ತೆಳು ಆಮ್ಲದ ತೊಟ್ಟಿ. ಬಣ್ಣ ತಿಳಿಯಾಗಲು ಪೊಟ್ಯಾಶಿಯಂ ಪರ್ಮಾಂಗನೇಟಿನ ತೊಟ್ಟಿ. ಅದರಾಚೆ ಮಣೆಯ ಮೇಲೆ ಕುಳಿತ ಮುದುಕರು ಕುರಿಯ ಉಣ್ಣೆ ಕತ್ತರಿಸುವಂಥ ದೊಡ್ಡ ಕತ್ತರಿಯಿಂದ ಒಂದೊಂದನ್ನೂ ದುಂಡಗೆ ಕತ್ತರಿಸುತ್ತಿದ್ದರು. ನೆಲವೆಲ್ಲ ತುಣುಕು. ಅದನ್ನೂ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು, ಏನೂ ಹಾಳಾಗುವಂತಿಲ್ಲ. ಜೇನುಗೂಡಿನಂಥ ದೊಡ್ಡ ರಂಧ್ರದ್ದು ಸ್ನಾನಕ್ಕೆ, ರೇಷ್ಮೆಯಂಥದ್ದು ಮುಖಕ್ಕೆ, ಆನೆಯ ಕಿವಿ ಎಂದು ಕರೆಯುವ ಚಪ್ಪಟೆ ಜಾತಿ ಮಡಕೆ ಮಾಡುವವರಿಗೆ. ಒಂದನ್ನು ಕೈಗೆ ಕೊಟ್ಟು ನೀರಿಗೆ ಅದ್ದು ಎಂದರು. ಅದು ಹೀರಿದ ನೀರು ಕಂಡು ನನಗೆ ಮಾತು ಹೊರಡಲಿಲ್ಲ, ಮುದುಕರು ನಕ್ಕರು.

ಕಸುಬಂತೂ ಹಳೆಯದು. ಹೋಮರನ ಇಲಿಯಡ್‌ನಲ್ಲಿ ಕಮ್ಮಾರ ದೇವರು ಹೆಫೈಸ್ಟೋಸ್ ಕೆಲಸ ಮುಗಿಸಿ ಮೈ ಒರೆಸಿಕೊಳ್ಳುವುದು ಸ್ಪಂಜಿನಿಂದಲೇ. ಮುಳುಗುವ ಹಳೆಯ ವಿಧಾನಕ್ಕೆ ಒಂದು ಕಲ್ಲು ಸಾಕಿತ್ತು. ಹನ್ನೆರಡು ಹದಿನೈದು ಕಿಲೋ ತೂಗುವ ಚಪ್ಪಟೆ ಕಲ್ಲನ್ನು ಎರಡು ಕೈಯಲ್ಲಿ ಮುಂದೆ ಚಾಚಿ ಹಿಡಿದು ಬೆತ್ತಲೆ ಧುಮುಕುವುದು. ಕಲ್ಲೇ ಭಾರ, ಕಲ್ಲೇ ಚುಕ್ಕಾಣಿ. ಮೇಲಿರುವವನು ಹಗ್ಗ ಹಿಡಿದು ಕಾಯುತ್ತಾನೆ, ಜಗ್ಗಿದೊಡನೆ ಎಳೆದುಕೊಳ್ಳುತ್ತಾನೆ. ಡೋಡೆಕನೀಸಿನದೇ ಆದ ಸಿಮಿ ದ್ವೀಪದ ಹಾಜಿಸ್ಟಾಥಿಸ್ ಎಂಬಾತ 1913ರಲ್ಲಿ ಹೀಗೆಯೇ ಒಂದೇ ಉಸಿರಿನಲ್ಲಿ ಎಪ್ಪತ್ತು ಮೀಟರಿಗೂ ಕೆಳಗಿಳಿದು ಇಟಲಿಯ ಯುದ್ಧನೌಕೆ ರೆಜಿನಾ ಮಾರ್ಗೆರಿಟಾದ ಕಳೆದ ಲಂಗರಿಗೆ ಹಗ್ಗ ಕಟ್ಟಿಬಂದ. 1900ರಲ್ಲಿ ಆಂಟಿಕಿಥೆರಾ ಬಳಿ ಪುರಾತನ ಹಡಗಿನ ಅವಶೇಷ ಕಂಡವರೂ ಸಿಮಿಯ ಸ್ಪಂಜುಗಾರರೇ. ಅಲ್ಲಿ ಸಿಕ್ಕ ಹಲ್ಲುಚಕ್ರಗಳ ಯಂತ್ರದ ಬಗ್ಗೆ ಪುಟಗಟ್ಟಲೆ ಓದಿರುತ್ತೇವೆ, ಕೆಳಗಿಳಿದವರ ಬಗ್ಗೆ ಯಾರೂ ಅಷ್ಟು ಬರೆಯಲಿಲ್ಲ.

1860ರ ದಶಕದಲ್ಲಿ ತಾಮ್ರದ ಶಿರಸ್ತ್ರಾಣ, ರಬ್ಬರು ಬಟ್ಟೆ, ಸೀಸದ ಬೂಟಿನ ಉಡುಪು ಬಂತು. ದ್ವೀಪದವರು ಅದನ್ನು ಸ್ಕಾಫಾಂದ್ರೊ ಎನ್ನುತ್ತಾರೆ. ದೋಣಿಯ ಮೇಲಿನ ಪಂಪು ಕೊಳವೆಯಲ್ಲಿ ಗಾಳಿ ತಳ್ಳುತ್ತದೆ. ಒಂದೇ ಉಸಿರಿನ ಕೆಲಸ ಗಂಟೆಗಟ್ಟಲೆಯ ಕೆಲಸವಾಯಿತು, ಎಪ್ಪತ್ತು ಮೀಟರಿನ ಆಳ ದಿನನಿತ್ಯದ ಮಾತಾಯಿತು. ವ್ಯಾಪಾರಿಗಳು ಶ್ರೀಮಂತರಾದರು, ಪೋಥಿಯಾದಲ್ಲಿ ಬಂಗಲೆಗಳು ಎದ್ದವು. ವುವಾಲಿಸ್ ಎಂಬ ದೊಡ್ಡ ಸ್ಪಂಜು ವರ್ತಕನ ಮನೆಯೂ ಅವುಗಳಲ್ಲೊಂದು.

ಎಂಜಿನಿಯರನಾದ ನನಗೆ ಆ ಉಡುಪಿನ ಒಳಗೆ ಆಗುತ್ತಿದ್ದುದು ಅರ್ಥವಾಗುತ್ತದೆ. ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಎಪ್ಪತ್ತು ಮೀಟರಿನಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೂ ಮಾಂಸಕ್ಕೂ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನಲ್ಲಿ ಹೊರಹೋಗುತ್ತದೆ. ಸರ್ರನೆ ಎದ್ದರೆ ಗೋಲಿ ಸೋಡಾ ಒಡೆದಂತೆ ಮೈಯೊಳಗೇ ಗುಳ್ಳೆ. ಬೆನ್ನುಹುರಿಗೆ ತಗುಲಿದರೆ ಸೊಂಟದಿಂದ ಕೆಳಗೆ ಸತ್ತಂತೆ. ಪಾಲ್ ಬೆರ್ಟ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು 1878ರಲ್ಲೇ ವಿವರಿಸಿದ್ದ. ಎಷ್ಟು ಆಳಕ್ಕೆ ಎಲ್ಲೆಲ್ಲಿ ಎಷ್ಟು ಹೊತ್ತು ತಡೆದು ಏರಬೇಕೆಂದು ಹಾಲ್ಡೇನ್ 1908ರಲ್ಲಿ ಕೋಷ್ಟಕವನ್ನೇ ಮಾಡಿಕೊಟ್ಟ. 1886ರಿಂದ 1910ರ ನಡುವೆ ಸುಮಾರು 10,000 ಸ್ಪಂಜುಗಾರರು ಸತ್ತರು, 20,000 ಮಂದಿ ಅಂಗವಿಕಲರಾದರು ಎಂಬ ಲೆಕ್ಕವನ್ನು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದರಲ್ಲಿ ಅರ್ಧವೇ ನಿಜವೆಂದರೂ ಇಷ್ಟು ಸಣ್ಣ ದ್ವೀಪಗಳಿಗೆ ಅದು ಯುದ್ಧವೇ. ಆ ಉಡುಪು ಬೇಡವೆಂದು ಹೆಂಗಸರು ಬೊಬ್ಬೆ ಹಾಕಿದ್ದರು. 1880ರ ದಶಕದಲ್ಲಿ, ಆಗ ದ್ವೀಪಗಳನ್ನು ಆಳುತ್ತಿದ್ದ ಒಟ್ಟೋಮನ್ ಸರ್ಕಾರ ಅದನ್ನು ನಿಷೇಧಿಸಿತ್ತು ಕೂಡ. ನಿಷೇಧ ನಿಲ್ಲಲಿಲ್ಲ.

ಗೊತ್ತಿದ್ದೂ ಯಾಕೆ ನಿಧಾನ ಏರಲಿಲ್ಲ? ಇದನ್ನು ಬೋಸನ್ನನ ಅಪ್ಪನನ್ನೇ ಕೇಳಿದೆ. ಎಪ್ಪತ್ತರ ಆಸುಪಾಸಿನ ಆಸಾಮಿ, ಎದೆ ಪೀಪಾಯಿಯಷ್ಟು ಅಗಲ, ಎಡಗಾಲು ಎಳೆದು ಹಾಕುತ್ತಿದ್ದ. ಗಂಟುಗಂಟಾದ ಕೋಲೊಂದು ಸದಾ ತೊಡೆಯ ಮೇಲೆ. ಮಗ ಅನುವಾದಿಸಿದ ಉತ್ತರ ಬರೀ ದುಡ್ಡಿನ ಲೆಕ್ಕ. ದೋಣಿ ಈಸ್ಟರ್ ಕಳೆದ ಮೇಲೆ ಲಿಬಿಯಾ, ಈಜಿಪ್ಟಿನ ದಡಕ್ಕೆ ಹೊರಡುತ್ತದೆ, ಬರುವುದು ಅಕ್ಟೋಬರಿಗೆ. ಆರು ತಿಂಗಳು ಹೆಂಡತಿ ಮಕ್ಕಳು ಉಣ್ಣಬೇಕಲ್ಲ. ಅದಕ್ಕೆ ಹೊರಡುವ ಮುಂಚೆಯೇ ದೋಣಿಯ ಯಜಮಾನ ತಂಡೇಲನಿಂದ ಮುಂಗಡ ಪಡೆಯುತ್ತಾರೆ, ಅದರ ಹೆಸರು ಪ್ಲಾತಿಕ. ಈಸ್ಟರಿನ ವಾರ ಪೋಥಿಯಾದ ಹೋಟೆಲುಗಳಲ್ಲಿ ಅದರ ಒಂದಂಶ ಕುಡಿತಕ್ಕೆ, ಕುಣಿತಕ್ಕೆ ಹೋಗುತ್ತಿತ್ತು. ತಂಡೇಲನಿಗೆ ಆ ದುಡ್ಡು ಬಂದದ್ದು ವರ್ತಕನ ಸಾಲದಿಂದ. ಇಷ್ಟು ಸ್ಪಂಜು ಮೇಲೆ ಬಂದರೇ ಮುಂಗಡ ತೀರುವುದು. ಹಗ್ಗದ ಮೇಲೆ ಅರ್ಧ ಗಂಟೆ ತೂಗಾಡುತ್ತ ಗುಳ್ಳೆ ಇಳಿಯಲೆಂದು ಕಾಯುವವನು ಆ ಅರ್ಧ ಗಂಟೆಯ ಸ್ಪಂಜನ್ನು ಕಳೆದುಕೊಂಡ. "ಸಮುದ್ರ ನನ್ನ ಕಾಲು ತಿನ್ನಲಿಲ್ಲ, ಮುಂಗಡ ತಿಂದಿತು" ಎಂದ ಮುದುಕ. ಸತ್ತವರನ್ನು ಆಫ್ರಿಕಾದ ದಡದ ಮರಳಿನಲ್ಲೇ ಹೂತು ದೋಣಿ ಮುಂದೆ ಹೋಗುತ್ತಿತ್ತಂತೆ. ಅಕ್ಟೋಬರಿನಲ್ಲಿ ದಕ್ಕೆಗೆ ಬಂದ ದೋಣಿಯಿಂದ ಯಾರು ಇಳಿದರು, ಯಾರು ಇಳಿಯಲಿಲ್ಲ ಎಂದು ನೋಡಿ ಆಮೇಲೆ ಹೆಂಗಸರು ನಗುವುದೋ ಅಳುವುದೋ.

ಅದೇ ಸಂಜೆ ಹತ್ತಿರದ ಒಂದು ಮದುವೆಯಲ್ಲಿ ಮಿಹಾನಿಕೊಸ್ ಕುಣಿತ ನೋಡಿದೆ. ಕೈಕೈ ಹಿಡಿದ ಸಾಲಿನ ಮುಂದಾಳು ಕೋಲೂರಿಕೊಂಡು ಬರುತ್ತಾನೆ, ಮೊಣಕಾಲು ತರತರ ನಡುಗುತ್ತದೆ, ಬೀಳುತ್ತಾನೆ, ಏಳಲು ಹೆಣಗುತ್ತಾನೆ. ಉಳಿದವರು ತಾಳ ತಪ್ಪದೆ ಹೆಜ್ಜೆ ಹಾಕುತ್ತಲೇ ಇರುತ್ತಾರೆ. ಕೊನೆಗೆ ಆತ ಕೋಲೆಸೆದು ನೆಟ್ಟಗೆ ಕುಣಿಯುತ್ತಾನೆ. ಕೋಲೆಸೆಯುವ ಆ ಕೊನೆ ಮಾತ್ರ ಕಟ್ಟುಕಥೆ, ಉಳಿದದ್ದನ್ನು ನಾನು ಅವತ್ತೇ ಬೀದಿಯಲ್ಲಿ ಕಂಡಿದ್ದೆ.

ಆ ಹೊತ್ತಿಗಾಗಲೇ ಕಸುಬು ಇಳಿಮುಖ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಯ ಸ್ಪಂಜು ಅಗ್ಗಕ್ಕೆ ಬಂದಿತ್ತು. 1970ರ ದಶಕದಲ್ಲಿ ಲಿಬಿಯಾ ತನ್ನ ಸಮುದ್ರದ ಬಾಗಿಲು ಮುಚ್ಚಿತು. ಜನ ಆಗಲೇ ಚದುರಿದ್ದರು. ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1905ರಿಂದಲೇ ಈ ದ್ವೀಪಗಳವರು ಸ್ಪಂಜು ತೆಗೆಯುತ್ತಿದ್ದರು. ಆಸ್ಟ್ರೇಲಿಯಾದ ಡಾರ್ವಿನ್ನಿಗೆ 1950ರ ದಶಕದಲ್ಲಿ ಮುತ್ತು ತೆಗೆಯಲೆಂದು ಕರೆಸಿಕೊಂಡ ಕಾಲಿಮ್ನೋಸಿನವರು ಮುತ್ತು ಕೈಕೊಟ್ಟ ಮೇಲೆ ಕಟ್ಟಡ ಕಟ್ಟುವವರಾಗಿ ನೆಲೆನಿಂತರು. 1986ರಲ್ಲಿ ಕೊನೆಯ ಪೆಟ್ಟು ಬಿತ್ತು. ಪೂರ್ವ ಮೆಡಿಟರೇನಿಯನ್ನಿನ ಸ್ಪಂಜುಗಳಿಗೆ ರೋಗ ಹಬ್ಬಿತು. ಮುಳುಗಿದವನು ಕೈಯಿಟ್ಟರೆ ಹುಡಿಹುಡಿಯಾಗುತ್ತಿತ್ತಂತೆ.

ಅದಾದ ಕೆಲವು ವರ್ಷಕ್ಕೆ ಮತ್ತೆ ಹೋದಾಗ ಅದೇ ಕಾರ್ಖಾನೆಯಲ್ಲಿ ಅದೇ ಕತ್ತರಿಗಳು ಆಡುತ್ತಿದ್ದವು, ಸ್ಪಂಜು ಮಾತ್ರ ಫ್ಲಾರಿಡಾ ಮತ್ತು ಕೆರಿಬಿಯನ್ನಿನದು. ದಕ್ಕೆಯ ಅಂಗಡಿಯಲ್ಲಿ ಅದಕ್ಕೆ ಕಾಲಿಮ್ನೋಸಿನ ಚೀಟಿ. ನಾನು ಮುಖ ಸೊಟ್ಟ ಮಾಡಿದೆ. ಬೋಸನ್ ಒಪ್ಪಲಿಲ್ಲ. ಕತ್ತರಿಸುವ ಕೈ ಇಲ್ಲಿಯದೇ, ಅಲ್ಲಿ ಕಿತ್ತವರ ಅಜ್ಜಂದಿರೂ ಇಲ್ಲಿಂದಲೇ ಹೋಗಿರಬಹುದು, ಇನ್ನೇನು ಬೇಕು ಎಂದ. ಅವನ ವಾದದಲ್ಲಿ ಹುರುಳಿತ್ತು, ಚೀಟಿಯಲ್ಲಿ ಇರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ.

ಮುಂದೆ ಆದದ್ದನ್ನು ಯಾರೂ ಊಹಿಸಿರಲಿಲ್ಲ. ದ್ವೀಪದ ಪಡುವಣ ದಡದಲ್ಲಿ ಮಸೂರಿ ಎಂಬ ಹಳ್ಳಿಯಿದೆ. ಎದುರಿಗೆ ತೆಲೆಂದೊಸ್ ನಡುಗಡ್ಡೆ. ಆರನೆಯ ಶತಮಾನದ ಭೂಕಂಪದಲ್ಲಿ ನಡುವಿನ ನೆಲ ಕುಸಿದು ಅದು ದ್ವೀಪದಿಂದ ಬೇರೆಯಾಯಿತೆನ್ನುತ್ತಾರೆ. ನಾನು ಮೊದಲು ನೋಡಿದಾಗ ಮಸೂರಿ ಎಂದರೆ ಪೋಥಿಯಾದವರ ಬೇಸಗೆಯ ಮನೆಗಳು, ಒಂದೆರಡು ಹೋಟೆಲು, ಮೇಲುಗಡೆ ಆಡುಗಳು ಕೂಡ ಯೋಚಿಸಿ ಹತ್ತುವ ಬಂಡೆ. ಊರವರಿಗೆ ಆ ಬಂಡೆ ಶಾಪ. ಮಣ್ಣಿದ್ದರಲ್ಲವೇ ಬೆಳೆ? ವಥಿ ಕಣಿವೆಯ ಕಿತ್ತಳೆ ತೋಟಗಳನ್ನು ಬಿಟ್ಟರೆ ಹಸಿರೇ ಕಡಿಮೆ, ಗಂಡಸರು ನೀರಿಗಿಳಿದದ್ದೂ ಅದರಿಂದಲೇ. 1990ರ ದಶಕದ ನಡುವಿಗೆ ಆಂಡ್ರಿಯಾ ಡಿ ಬಾರಿ ಎಂಬ ಇಟಲಿಯ ಶಿಲಾರೋಹಿ ರಜೆಗೆಂದು ಬಂದವನು ಆ ಬಂಡೆ ನೋಡಿ ಮರುಳಾದ. ಮತ್ತೆ ಬಂದು ಡ್ರಿಲ್ಲಿನಿಂದ ತೂತು ಕೊರೆದು ಬೋಲ್ಟು ಹಾಕಿದ. ಈಗ ಆ ದ್ವೀಪದಲ್ಲಿ ಹತ್ತುವ ದಾರಿಗಳು ಸಾವಿರಾರು. ಗ್ರಾಂಡೆ ಗ್ರೊಟ್ಟಾ ಎಂಬ ಗವಿಯ ಮಾಡಿನಿಂದ ಸುಣ್ಣದ ಕೋಡುಗಳು ಇಳಿಬಿದ್ದಿವೆ. ಯುರೋಪಿನ ಹುಡುಗ ಹುಡುಗಿಯರು ಅವನ್ನು ತಬ್ಬಿಕೊಂಡು ತಲೆಕೆಳಗಾಗಿ ನೇತಾಡುತ್ತಾರೆ.

ಮಸೂರಿಯ ರಸ್ತೆಯುದ್ದಕ್ಕೂ ಈಗ ಹಗ್ಗ, ಬೂಟು ಮಾರುವ ಅಂಗಡಿ, ಬಾಡಿಗೆ ಸ್ಕೂಟರು, ಬೆಳಿಗ್ಗೆ ಏಳಕ್ಕೆ ತೆರೆಯುವ ಬೇಕರಿ. ಬಿಸಿಲಿಗೆ ಬಂಡೆ ಕಾಯುವ ಜುಲೈ, ಆಗಸ್ಟಿನಲ್ಲಿ ಹತ್ತುವವರು ಕಡಿಮೆ. ಬರುವುದು ವಸಂತದಲ್ಲಿ ಮತ್ತು ಅಕ್ಟೋಬರಿನಲ್ಲಿ, ಅಂದರೆ ಹಿಂದೆ ದೋಣಿಗಳು ಹೊರಡುತ್ತಿದ್ದ ಮತ್ತು ಮರಳುತ್ತಿದ್ದ ತಿಂಗಳುಗಳಲ್ಲೇ. ಬೇಸಗೆಯ ಸ್ನಾನಕ್ಕೆ ಬರುವ ಪ್ರವಾಸಿಗಳನ್ನಷ್ಟೇ ನಂಬಿದ ಬೇರೆ ದ್ವೀಪಗಳಿಗೆ ಈ ಅನುಕೂಲವಿಲ್ಲ. ಹೊಳೆಯುವ ಹೋಟೆಲುಗಳೇ ತುಂಬಿದ ಪಕ್ಕದ ಕೋಸ್ ದ್ವೀಪಕ್ಕಿಂತ ನನಗೆ ಈ ಧೂಳು ಮೈಯ ಗಿರಾಕಿಗಳೇ ವಾಸಿ ಎನಿಸಿತು. ಜಗಳವಿಲ್ಲವೆಂದಲ್ಲ. ಬಾಡಿಗೆ ಏರಿದೆ, ಮೇಕೆ ಸಾಕುವವರಿಗೆ ಕಿರಿಕಿರಿ.

ಕಳೆದ ಸಲ ಹೋದಾಗ ಬೋಸನ್ ಕೆಲಸದಿಂದ ನಿವೃತ್ತನಾಗಿದ್ದ. ಸ್ಪಂಜಿನ ದೋಣಿಗಳು ಬೆರಳೆಣಿಕೆಯಷ್ಟು ಉಳಿದಿವೆ. ಮೇಲಿನ ಕಂಪ್ರೆಸರಿನಿಂದ ಉದ್ದನೆಯ ಕೊಳವೆಯಲ್ಲಿ ಗಾಳಿ ಬರುತ್ತದೆ, ರಬ್ಬರಿನ ಬಿಗಿಯುಡುಪು ಬಂದಿದೆ. ಸಮುದ್ರ ಕಾಯುತ್ತಿದ್ದಂತೆ ಸ್ಪಂಜಿನ ರೋಗ ಮರುಕಳಿಸುತ್ತದೆ ಎಂಬ ಹೆದರಿಕೆ ಮುಳುಗುವವರಿಗೆ ತಪ್ಪಿಲ್ಲ. ಹೊಸಬರು ಈ ಕಸುಬಿಗೆ ಬರುವುದಿಲ್ಲ ಎಂದು ಹೋಟೆಲಿನಲ್ಲಿ ಒಬ್ಬರು ವಿಷಾದದಿಂದ ಹೇಳಿದಾಗ ಬೋಸನ್ ಕಾಫಿ ಬಟ್ಟಲು ಕುಕ್ಕಿ, "ಬರದಿರುವುದೇ ನಮ್ಮಪ್ಪ ಕೇಳಿಕೊಂಡದ್ದು" ಎಂದ.

ಪರಂಪರೆಯ ಹೆಸರಲ್ಲಿ ನಡೆಯುವುದೆಲ್ಲ ಅವನಿಗೆ ಅರ್ಧ ಹೆಮ್ಮೆ, ಅರ್ಧ ಸಿಟ್ಟು. ಊರಿನ ಸಂಗ್ರಹಾಲಯಕ್ಕೆ ನನ್ನನ್ನು ಕರೆದುಕೊಂಡು ಹೋಗಿ ತಾಮ್ರದ ಶಿರಸ್ತ್ರಾಣ, ಪಂಪು, ಮುಳುಗುವ ಕಲ್ಲು ಎಲ್ಲ ತೋರಿಸಿದ. ಶಿರಸ್ತ್ರಾಣಕ್ಕೆ ಹೊಳಪು ಕೊಟ್ಟಿದ್ದರು. "ಊರುಗೋಲು ಎಲ್ಲಿ? ಇವೆಲ್ಲದರ ಜೊತೆ ಊರುಗೋಲೂ ಇರಬೇಕು" ಎಂದು ಹೊರಬರುವಾಗ ಗೊಣಗಿದ. ಅಪ್ಪನ ಕೋಲನ್ನೇ ಕೊಡುತ್ತೇನೆ ಎಂದು ನಿಶ್ಚಯಿಸಿ ಮನೆಗೆ ಬಂದು ತಂಗಿಯನ್ನು ಕೇಳಿದ. ಆಕೆ ಹಿತ್ತಿಲಿನಿಂದಲೇ ಏನೋ ಕೂಗಿದಳು, ಇವನು ಪೆಚ್ಚಾಗಿ ನಕ್ಕು ನನಗೆ ಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದ: ಅವರಿಗೆ ಬೇಕಿದ್ದರೆ ಬೇರೆ ಹುಡುಕಿಕೊಳ್ಳಲಿ, ಅಂಜೂರ ಉದುರಿಸಲಿಕ್ಕೆ ಇಷ್ಟು ಉದ್ದದ ಕೋಲು ಇನ್ನೊಂದು ಮನೆಯಲ್ಲಿಲ್ಲ.