ನಂಬರ್ ಕೊಟ್ಟದ್ದು ರಿಪೋರ್ಟಿಗೆ

ನಮ್ಮ ಮನಿಯೊಳಗ ಬಸಿರಿನ ಸುದ್ದಿ ಮೂರ ತಿಂಗಳ ತುಂಬೋತನಾ ಹೊರಗ ಹೇಳೋ ಪದ್ಧತಿ ಇಲ್ಲ. ಈಗ ನೋಡ್ರಿ, ಸೋದರತ್ತಿಗಿಂತ ಮೊದಲ ಕಂಪನಿಯವ್ರಿಗೆ ಗೊತ್ತಾಗ್ತದ.

ಹೋದ ವರ್ಷ ನಮ್ಮ ಸೊಸಿ ಸ್ಕ್ಯಾನಿಂಗಿಗೆ ಹೋದಾಗ 'ರಿಪೋರ್ಟ್ ವಾಟ್ಸಾಪಿಗೆ ಕಳಸ್ತೇವ್ರಿ' ಅಂತ ನಂಬರ್ ಇಸ್ಕೊಂಡ್ರು. ನಾಕ ದಿನಕ್ಕ ಫೋನ್ ಶುರು ಆದವು. ಹೊಕ್ಕಳಬಳ್ಳಿ ರಕ್ತ ಕಾಪಿಡೋರು, ಬಾಣಂತಿ ಪ್ಯಾಕೇಜಿನವ್ರು, ಇನ್ಶೂರೆನ್ಸಿನವ್ರು. ಅಷ್ಟರಾಗ ಆಕಿಗೆ ಗರ್ಭ ನಿಲ್ಲಲಿಲ್ಲ. ದವಾಖಾನಿಯಿಂದ ಬಂದ ಮೂರನೇ ದಿನ ಮತ್ತ ಫೋನ್: 'ಕಂಗ್ರಾಜುಲೇಶನ್ಸ್ ಮ್ಯಾಡಮ್, ಡೆಲಿವರಿ ಡೇಟ್ ಯಾವಾಗ?' ಆಕಿ ಏನೂ ಅನ್ನಲಿಲ್ಲ. ಫೋನ್ ನನ್ನ ಕೈಯಾಗಿಟ್ಟು ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು.

ಫೋನ್ ಮಾಡಿದ ಹುಡುಗಿಗೆ 'ಈ ನಂಬರ್ ಎಲ್ಲಿಂದ ಬಂತವಾ?' ಅಂತ ಕೇಳಿದೆ. 'ಡೇಟಾದಾಗ ಅದ ಆಂಟಿ' ಅಂದ್ಲು ಪಾಪ. ಸೆಂಟರಿನವ್ರನ್ನ ಕೇಳಿದ್ರ 'ಫಾರ್ಮಿಗೆ ಸಹಿ ಮಾಡ್ಯಾರಲ್ರಿ' ಅಂದ್ರು. ಆ ಸಹಿ ಸ್ಕ್ಯಾನಿಂಗಿಗೆ ಹಾಕಿದ್ದು. ಹೆಪ್ಪಿಗೆ ಅಂತ ಒಂದ ಚಮಚಾ ಮೊಸರು ಇಸ್ಕೊಂಡ ಹೋದಾಕಿ ನಮ್ಮ ಗಡಗೀನ ಮಾರಿದ್ರ ಸುಮ್ಮನಿರ್ತೇವೇನು?

ಮಗ ಕಾಯ್ದೆ ಓದಿ ಹೇಳಿದಾ. 2023ರಾಗ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗ್ಯದ. ಅದರಾಗ ಔಷಧ ಅಂಗಡಿದ ಉದಾಹರಣೀನ ಅದ: ರೊಕ್ಕ ಮುಟ್ಟಿದ ಮೆಸೇಜ್ ಕಳಸ್ರಿ ಅಂತ ನಂಬರ್ ಕೊಟ್ರ, ಅಂಗಡಿಯವ್ರು ಆ ಕೆಲಸಕ್ಕ ಅದನ್ನ ಬಳಸಬಹುದು. ಒಪ್ಪಿಗಿ ಅಂದ್ರ ಮನಃಪೂರ್ವಕ ಇರಬೇಕು, ಯಾತಕ್ಕಂತ ಗೊತ್ತಿರಬೇಕು. ಕೊಡೋದು ಎಷ್ಟು ಸಲೀಸೋ ವಾಪಸ್ ತಗೊಳ್ಳೋದೂ ಅಷ್ಟ ಸಲೀಸಿರಬೇಕು. ನಿಯಮ 2025ರ ನವೆಂಬರದಾಗ ಬಂದಾವ, ಈ ಒಪ್ಪಿಗಿ ಮಾತು ಜಾರಿ ಆಗಲಿಕ್ಕೆ ಅಲ್ಲಿಂದ 18 ತಿಂಗಳ ಟೈಮ್ ಕೊಟ್ಟಾರ.

ಅಲ್ಲೀತನಾ ನಮ್ಮ ಕೈಯಾಗಿದ್ದದ್ದು ನಾವು ಮಾಡೋಣು. ಜಾಹೀರಾತು ಫೋನ್ ಬ್ಯಾಡ ಅಂತ 1909ಕ್ಕ ಹಚ್ಚಿ ನಂಬರ್ ನೋಂದಾಯಿಸ್ರಿ. ಫಾರ್ಮಿನ ಮ್ಯಾಲೆ 'ರಿಪೋರ್ಟಿಗೆ ಮಾತ್ರ' ಅಂತ ನೀವ ಬರೀರಿ. ನಮ್ಮ ಸೊಸಿ ಈಗ ಹಂಗ ಬರೀತಾಳ.

ಕೌಂಟರಿನ್ಯಾಗ ನಂಬರ್ ಕೇಳಿದ್ರ 'ಯಾಕ ಬೇಕ್ರಿ?' ಅನ್ಲಿಕ್ಕೆ ಸಂಕೋಚ ಬ್ಯಾಡ. ಭಾಜಿ ಮಾರ್ಕೆಟ್ಟಿನ್ಯಾಗ ಎರಡ ರೂಪಾಯಿ ಸಲವಾಗಿ ಹತ್ತ ಮಾತ ಕೇಳೋರು ನಾವು, ಮನೀ ಹೆಣ್ಣಮಕ್ಕಳ ಸುದ್ದಿ ಸಲವಾಗಿ ಒಂದ ಮಾತ ಕೇಳಲಿಕ್ಕೆ ಏನಡ್ಡಿ?