ಗುಡ್ಡದ ಗ್ಯಾಸಿಗೆ ಲೆಕ್ಕ ಇದೆ, ಗುಂಡಿಯ ಗ್ಯಾಸಿಗೆ?



ಕಸದ ಗುಡ್ಡದಿಂದ ಏಳೋ ಮೀಥೇನ್ ಗ್ಯಾಸನ್ನ ಸೂಕ್ಷ್ಮಜೀವಿಗಳಿಗೆ ತಿನ್ನಿಸಿ ಕಮ್ಮಿ ಮಾಡಬಹುದು ಅನ್ನೋದರ ಬಗ್ಗೆ ನಮ್ಮ ಗುಂಪಲ್ಲಿ ಮಾತು ಬಂತು. "ಅಣ್ಣಾ, ಇದು ಪರಿಸರದೋರ ವಿಷಯ, ನಮಗೇನು ಸಂಬಂಧ?" ಅಂತ ಹುಡುಗನೊಬ್ಬ ಕೇಳಿದ. ಸಂಬಂಧ ಇದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಸಿ ಕಸಾನ ಗಾಳಿ ಆಡೋ ಕಡೆ ಹಾಕಿ ಆಗಾಗ ತಿರುವಿದ್ರೆ ಗೊಬ್ಬರ ಆಗುತ್ತೆ. ಅದೇ ಕಸಾನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಲಾರಿಗಟ್ಟಲೆ ಸುರಿದು, ಮೇಲೆ ಜೆಸಿಬಿ ಓಡಿಸಿದ್ರೆ ಒಳಗೆ ಉಸಿರಾಡೋಕೆ ಜಾಗ ಇರಲ್ಲ. ಗಾಳಿ ಇಲ್ಲದ ಕಡೆ ಬದುಕೋ ಸೂಕ್ಷ್ಮಜೀವಿಗಳು ಅಲ್ಲಿ ಮೀಥೇನ್ ಹುಟ್ಟಿಸ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಆಗೋದೂ ಇದೇ. ಅಲ್ಲಿ ಒಲೆಗೆ ಹೋಗುತ್ತೆ, ಇಲ್ಲಿ ಆಕಾಶಕ್ಕೆ. ಗುಡ್ಡದಿಂದ ಬರೋ ಗ್ಯಾಸಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್. ಭೂಮಿಯನ್ನ ಬಿಸಿ ಮಾಡೋದ್ರಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 100 ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು, 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಜೋರು. ಬೆಂಕಿ ಬಿದ್ರೆ ಆರಿಸೋದೂ ಕಷ್ಟ. 2022ರಲ್ಲಿ ದೆಹಲಿಯ ಘಾಜಿಪುರ, ಭಲಸ್ವಾ ಗುಡ್ಡಗಳು ಹೊತ್ತಿ ಉರಿದದ್ದು ನೆನಪಿರಬೇಕು.

ಇನ್ನೊಂದು ಜಾತಿಯ (ಈ ಪದ ಇಲ್ಲೂ ಬಿಡಲ್ಲ ನೋಡಿ) ಸೂಕ್ಷ್ಮಜೀವಿಗಳಿವೆ, ಮೆಥನೋಟ್ರೋಫ್ ಅಂತಾರೆ. ಮೀಥೇನೇ ಅವುಗಳ ಊಟ. ಹೊಲದ ಮಣ್ಣಲ್ಲಿ, ಗೊಬ್ಬರದಲ್ಲಿ ತಾವಾಗೇ ಇರ್ತವೆ. ಗುಡ್ಡದ ಮೇಲೆ ಚೆನ್ನಾಗಿ ಕಳಿತ ಗೊಬ್ಬರದ ದಪ್ಪ ಹೊದಿಕೆ ಹಾಸಿದ್ರೆ, ಕೆಳಗಿಂದ ಬರೋ ಮೀಥೇನನ್ನ ಮೇಲಿಂದ ಬರೋ ಗಾಳಿ ಜೊತೆ ಸೇರಿಸಿ ಕಾರ್ಬನ್ ಡೈಆಕ್ಸೈಡು, ನೀರು ಮಾಡ್ತವೆ. ಇದಕ್ಕೆ ಬಯೋಕವರ್ ಅಂತ ಹೆಸರು. ಡೆನ್ಮಾರ್ಕಿನಲ್ಲಿ ಹಳೇ ಕಸದ ಗುಡ್ಡಗಳ ಮೇಲೆ ಹಾಸಿದ್ದಾರೆ. ಭಾರೀ ಯಂತ್ರ ಬೇಡ. ಆದ್ರೆ ಹೊದಿಕೆ ತೀರಾ ಒಣಗಬಾರದು, ನೀರು ನಿಲ್ಲಬಾರದು, ಬಿರುಕು ಬಿಡಬಾರದು. ಬಿರುಕು ಬಿಟ್ರೆ ಗ್ಯಾಸು ಸೀದಾ ಅಲ್ಲಿಂದಲೇ ಹೋಗುತ್ತೆ.

ಅಂದ್ರೆ ಯಾರೋ ನಿತ್ಯ ಅದರ ಮೇಲೆ ಓಡಾಡಿ ನೋಡ್ಕೋಬೇಕು. ಯಾರು? ಬಿಡಿ, ಉತ್ತರ ನಿಮಗೂ ಗೊತ್ತು.

ನಮ್ಮ ಬೀದೀಲಿ ಗುಡಿಸೋ ಅಕ್ಕ ಒಬ್ಬರಿಗೆ ಇದನ್ನೆಲ್ಲಾ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡು ಹೇಳಿದ್ರು: "ಗೊಬ್ಬರ ಮಾಡೋಕೆ ಹಸಿ ಕಸ ಬೇರೆ ಮಾಡ್ಬೇಕಲ್ಲಪ್ಪ. ಅದ್ರೊಳಗೆ ಪ್ಯಾಡು, ಬ್ಲೇಡು ಸುತ್ತಿ ಕೊಡ್ತಾರೆ. ಬರಿಗೈಲಿ ಆರಿಸೋದು ನಾನು. ನಿಮ್ ಹುಳಕ್ಕೆ ಒಳ್ಳೆ ಊಟ ಬೇಕು ಅಂದ್ರೆ ಮೊದ್ಲು ನನ್ ಕೈಗೆ ಗ್ಲೌಸ್ ಕೊಡ್ಸಿ." ಈ ವಿಷಯದಲ್ಲಿ ಇದಕ್ಕಿಂತ ನೇರವಾದ ಮಾತನ್ನ ನಾನು ಯಾವ ವರದಿಯಲ್ಲೂ ಓದಿಲ್ಲ. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರೆ ಮಾಡ್ಬೇಕು ಅಂತಿತ್ತು. ಕಸ ತೆಗೆಯೋರಿಗೆ ಗ್ಲೌಸು, ಬೂಟು ಕೊಡ್ಬೇಕು ಅಂತಲೂ ಇತ್ತು.

ಗುಡ್ಡ ಎಲ್ಲಿ ಏಳುತ್ತೆ ಅನ್ನೋದೂ ಹೀಗೇ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯ್ತು, ಜನ ಬೀದಿಗಿಳಿದು 2012ರಲ್ಲಿ ನಿಂತಿತು. ಮಂಡೂರಿಗೆ ಹೋಯ್ತು, ಅಲ್ಲೂ ಹೋರಾಟ ಆಗಿ 2014ರ ಕೊನೆಗೆ ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿಗಳು. ಕಸ ಮಾಡಿದ ಬಡಾವಣೆ ಹೆಸರು ಯಾವ ಗುಡ್ಡಕ್ಕೂ ಬರಲಿಲ್ಲ.

ಈಗ ಗುಂಡಿ ವಿಷಯ. ಮ್ಯಾನ್‌ಹೋಲು, ಸೆಪ್ಟಿಕ್ ಟ್ಯಾಂಕ್ ಒಳಗೆ ನಡೆಯೋದೂ ಗಾಳಿ ಇಲ್ಲದ ಅದೇ ಕೊಳೆತ. ಅಲ್ಲಿ ಮೀಥೇನ್ ಜೊತೆ ಹೈಡ್ರೋಜನ್ ಸಲ್ಫೈಡೂ ತುಂಬಿರುತ್ತೆ, ಜಾಸ್ತಿ ಇದ್ರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತೆ. ದೆಹಲಿ, ಮುಂಬೈ ಕಸದ ಗುಡ್ಡಗಳಿಂದ ಎಷ್ಟು ಮೀಥೇನ್ ಏಳುತ್ತೆ ಅಂತ ಉಪಗ್ರಹದಿಂದ ಅಳೆದಿದ್ದಾರೆ. ಗುಂಡಿಗೆ ಇಳಿಯೋ ನಮ್ಮ ಹುಡುಗನ ಸೊಂಟಕ್ಕೆ ಕೈಯಲ್ಲಿ ಹಿಡಿಯೋವಷ್ಟು ಗ್ಯಾಸ್ ಮೀಟರ್ ಇರಲ್ಲ. 2013ರಲ್ಲಿ ಕಾನೂನು ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತು, 2023ರಲ್ಲಿ 30 ಲಕ್ಷ ಮಾಡ್ತು. ಪರಿಹಾರದ ಮೊತ್ತ ಏರಿತು, ಇಳಿಸೋದು ನಿಂತಿಲ್ಲ.

ಹಾಗಂತ ನಾನು ಬಯೋಕವರ್ ಬೇಡ ಅನ್ನಲ್ಲ. ಬೇಕು. ಆ ಹೊಗೆ ಮೊದಲು ಹೋಗೋದು ಗುಡ್ಡದ ಬುಡದಲ್ಲಿರೋ ನಮ್ಮ ಮಕ್ಕಳ ಎದೆಗೇ. ಆದ್ರೆ ಗುಡ್ಡ ಮುಚ್ಚಿ ಬೇಲಿ ಹಾಕಿದ ದಿನ ಅಲ್ಲಿ ಚಿಂದಿ ಆಯ್ತಿದ್ದ ಹೆಂಗಸರ ಅನ್ನ ಹೋಗುತ್ತೆ. ಹೊದಿಕೆ ನೋಡಿಕೊಳ್ಳೋ ಕೆಲಸ, ಗೊಬ್ಬರ ಮಾಡೋ ಕೆಲಸ ಅವರಿಗೇ ಕೊಡ್ಬೇಕು, ಗುತ್ತಿಗೆಯಲ್ಲಿ ಅಲ್ಲ, ಖಾಯಂ ಆಗಿ. ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬಂದ್ರೆ ಅದರಲ್ಲೂ ಪಾಲು ಬೇಕು. ಗುಡ್ಡದ ಗ್ಯಾಸ್ ಅಳೆಯೋಕೆ ದುಡ್ಡು ಇಡೋರು ಅದೇ ಬಜೆಟ್ಟಲ್ಲಿ ಗ್ಯಾಸ್ ಮೀಟರಿಗೂ, ಗುಂಡಿ ತೊಳೆಯೋ ಯಂತ್ರಕ್ಕೂ ಇಡಲಿ.

ನಿಮ್ಮ ಊರಿನ ಕಸದ ಗುಡ್ಡಕ್ಕೆ ಟೆಂಡರ್ ಕರೆದಿದ್ರೆ ಆರ್‌ಟಿಐ ಹಾಕಿ ಪ್ರತಿ ತಗೊಂಡು ನನಗೆ ಕಳಿಸಿ. ಫೈಲ್ ಓದೋದೇ ನನ್ನ ಹೊಟ್ಟೆಪಾಡು. ಕಾರ್ಮಿಕರ ಬಗ್ಗೆ ಎಷ್ಟು ಸಾಲು ಬರೆದಿದ್ದಾರೆ ಅಂತ ಕೂತು ಎಣಿಸೋಣ.