ಮಾಲೀಕನ ವೀಸಾ

ದುಬೈಯಲ್ಲಿ ನನ್ನದು ಪಾರ್ಟ್‌ನರ್ ವೀಸಾ. ಊರಲ್ಲಿ ಹಾಗೆಂದರೆ ಒಂದು ತೂಕ ಹೆಚ್ಚೇ ಮರ್ಯಾದೆ. ಕೆಲಸಕ್ಕೆ ಹೋದವನಲ್ಲ, ಸ್ವಂತ ಅಂಗಡಿ ಇಟ್ಟವನು ಅಂತ. ದೇರಾದ ನೈಫ್ ಪೇಟೆಯಲ್ಲಿ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್‌ಗಳ ಹೋಲ್‌ಸೇಲ್ ಅಂಗಡಿ, ಕೆಲಸಕ್ಕೆ ನಾಲ್ವರು ಹುಡುಗರು. ಲೈಸೆನ್ಸ್‌ನಲ್ಲಿ ಶೇ. 51 ಪಾಲು ಅಲ್ಲಿನ ಅರಬಿಯೊಬ್ಬರದ್ದು, 49 ನನ್ನದು. ದುಡ್ಡು ಹಾಕಿದವನು ನಾನೊಬ್ಬನೇ. ಅವರಿಗೆ ವರ್ಷಕ್ಕಿಷ್ಟು ಎಂದು ಫೀ. ಆಗ ಹೆಚ್ಚಿನವರದ್ದೂ ಇದೇ ಏರ್ಪಾಡು.

ಈ ವೀಸಾ ತಾನಾಗಿ ನಿಲ್ಲುವಂಥದ್ದಲ್ಲ. ಟ್ರೇಡ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವೀಸಾ. ಅಂಗಡಿಯ ಬಾಡಿಗೆ ಕರಾರು ಇಜಾರಿಯಲ್ಲಿ, ಅಂದರೆ ದುಬೈ ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಲ್ಲಿ, ನೋಂದಣಿಯಾಗಿದ್ದರೆ ಲೈಸೆನ್ಸ್. ಆ ಕರಾರಿಗೆ ಮುಂದಿನ ದಿನಾಂಕ ಹಾಕಿದ ಚೆಕ್‌ಗಳನ್ನು ಮೊದಲೇ ಬರೆದುಕೊಟ್ಟಿರಬೇಕು. ಆಗಿನ ಕಾನೂನಿನಲ್ಲಿ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು. ಅದು ಸಡಿಲವಾದದ್ದು 2022ರ ಜನವರಿಯಲ್ಲಿ.

2021ರ ಏಪ್ರಿಲ್‌ನಲ್ಲಿ ಅಪ್ಪಯ್ಯನಿಗೆ ಹಾರ್ಟ್ ಆಪರೇಷನ್. ಎರಡು ವಾರದಲ್ಲಿ ತಿರುಗಿ ಹೋಗುವ ಲೆಕ್ಕದಲ್ಲಿ ಕುಂದಾಪುರಕ್ಕೆ ಬಂದೆ. ಏಪ್ರಿಲ್ 24ರ ಮಧ್ಯರಾತ್ರಿಯಿಂದ ಕೋವಿಡ್ ಕಾರಣಕ್ಕೆ ಯುಎಇ ಭಾರತದ ಪ್ರಯಾಣಿಕರಿಗೆ ಬಾಗಿಲು ಹಾಕಿತು. ಮೊದಲು ಹತ್ತು ದಿನ ಅಂದರು. ಆಮೇಲೆ ಮುಂದೂಡುತ್ತಲೇ ಹೋದರು. ಇತ್ತ ನಮ್ಮಲ್ಲೂ ಲಾಕ್‌ಡೌನ್.

ಕಂಪನಿ ವೀಸಾದಲ್ಲಿದ್ದ ನಮ್ಮೂರ ಹುಡುಗರೂ ಸಿಕ್ಕಿಬಿದ್ದಿದ್ದರು. ಅವರಿಗೆ ಸಂಬಳ ಹೋಯಿತು, ಕೆಲವರ ಕೆಲಸವೂ ಹೋಯಿತು. ಆ ಕಷ್ಟ ಸಣ್ಣದಲ್ಲ. ಆದರೆ ಅವರ ಕಾಗದಪತ್ರಕ್ಕೆ ಅಲ್ಲೊಬ್ಬ ಪಿಆರ್‌ಒ ಇದ್ದ, ಫೋನು ಎತ್ತುವ ಆಫೀಸು ಇತ್ತು. ನನ್ನ ಆಫೀಸು ನಾನೇ. ನನ್ನ ವೀಸಾ ಜುಲೈಗೆ ಮುಗಿಯುವುದಿತ್ತು. ನವೀಕರಿಸಬೇಕಾದರೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಅಲ್ಲಿಯೇ ಆಗಬೇಕು. ಹುಡುಗರ ಸಂಬಳ ಸರ್ಕಾರದ ವೇತನ ವ್ಯವಸ್ಥೆಯ ಮೂಲಕವೇ ಹೋಗಬೇಕು, ತಡವಾದರೆ ಕಂಪನಿಯ ಫೈಲಿಗೇ ತಡೆ. ಇದೆಲ್ಲಕ್ಕೂ ಬೇಕಾದದ್ದು ನನ್ನ ಸಹಿ, ಇಲ್ಲವೇ ನನ್ನ ದುಬೈ ಸಿಮ್ಮಿಗೆ ಬರುವ ಓಟಿಪಿ.

ಬೇರೊಬ್ಬರಿಗೆ ಪವರ್ ಆಫ್ ಅಟಾರ್ನಿ ಕಳಿಸೋಣವೆಂದರೆ ಇಲ್ಲಿ ನೋಟರಿ, ರಾಜ್ಯ ಸರ್ಕಾರದ ಮೊಹರು, ವಿದೇಶಾಂಗ ಇಲಾಖೆಯ ಮೊಹರು, ಯುಎಇ ರಾಯಭಾರ ಕಚೇರಿಯ ಮೊಹರು. ಅಲ್ಲಿ ಹೋದ ಮೇಲೆ ಅರಬಿ ಭಾಷಾಂತರ, ಮತ್ತೊಂದು ಮೊಹರು. ಕುಂದಾಪುರದಲ್ಲಿ ನೋಟರಿಯ ಬಾಗಿಲೇ ತೆರೆದಿರಲಿಲ್ಲ.

ಜೂನ್‌ನಲ್ಲಿ ಬಾಡಿಗೆಯ ಚೆಕ್ ಬಂತು. ಚೆಕ್ಕಿನ ದಿನಾಂಕ ಭಾನುವಾರ. ಆಗ ಅಲ್ಲಿ ವಾರದ ರಜೆ ಶುಕ್ರ–ಶನಿ, ಹಾಗಾಗಿ ಗುರುವಾರವೇ ದುಡ್ಡು ಖಾತೆಯಲ್ಲಿರಬೇಕು. ಅಂಗಡಿ ನೋಡಿಕೊಳ್ಳುತ್ತಿದ್ದ ಕಾರ್ಕಳದ ಹುಡುಗ ಫೋನು ಮಾಡಿ, "ಅಣ್ಣಾ, ಕಲೆಕ್ಷನ್ ಎಲ್ಲ ಮಷೀನಿಗೆ ಹಾಕಿದ್ದೇನೆ, ಆದರೂ ಸಾಲುದಿಲ್ಲ" ಅಂದ. ನನ್ನ ಸ್ವಂತ ಖಾತೆಯಲ್ಲಿ ಹಣವಿತ್ತು. ಅದನ್ನು ಕಂಪನಿ ಖಾತೆಗೆ ದಾಟಿಸಿದರಾಯಿತು. ಹೊರಗೆ ಮುಂಗಾರು, ಕರೆಂಟ್ ಇಲ್ಲ, ರೋಮಿಂಗ್ ಸಿಮ್ಮಿಗೆ ಮನೆಯೊಳಗೆ ಸಿಗ್ನಲ್ ಇಲ್ಲ. ಗದ್ದೆಯ ಅಂಚಿನಲ್ಲಿ ಹೆಂಡತಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ನಿಂತಳು. ನನ್ನ ಕೈಯಲ್ಲಿ ಎರಡು ಫೋನು. ಒಂದರಲ್ಲಿ ಬ್ಯಾಂಕಿನ ಆ್ಯಪ್, ಇನ್ನೊಂದರಲ್ಲಿ ಓಟಿಪಿಗಾಗಿ ಕಾಯುವುದು. ಓಟಿಪಿ ಬರುವಷ್ಟರಲ್ಲಿ ಆ್ಯಪ್‌ನಲ್ಲಿ ಸಮಯ ಮೀರುತ್ತಿತ್ತು. ಮತ್ತೆ ಕೇಳಿದರೆ ಹಳೆಯದು ಬರುತ್ತಿತ್ತು. ಮೂರು ಸಲ ತಪ್ಪಾದರೆ ಖಾತೆಯೇ ಲಾಕ್ ಆದೀತೆಂಬ ಹೆದರಿಕೆ ಬೇರೆ. ಕೊನೆಗೂ ದುಡ್ಡು ದಾಟಿತು. ಅಂದು ಊಟ ಸೇರಲಿಲ್ಲ.

ಅದೇ ಜೂನ್ 1ರಿಂದ ಹೊಸ ಕಾನೂನು ಜಾರಿಯಾಗಿತ್ತು. ಇನ್ನು ಮುಂದೆ ಬಹುಪಾಲು ವ್ಯಾಪಾರಗಳಿಗೆ ಸ್ಥಳೀಯ ಪಾಲುದಾರ ಬೇಡ, ವಿದೇಶಿಯೇ ನೂರಕ್ಕೆ ನೂರರ ಒಡೆಯ ಆಗಬಹುದು. ಗೆಳೆಯರು ವಾಟ್ಸಾಪಿನಲ್ಲಿ ಅಭಿನಂದನೆ ಕಳಿಸಿದರು. ಅಂಗಡಿಗೆ ಕಾಲಿಡಲಾಗದವನಿಗೆ ನೂರೇನು, ನಲವತ್ತೊಂಬತ್ತೇನು!

ಕೆಲವರು ಆರ್ಮೇನಿಯಾಕ್ಕೋ ಉಜ್ಬೇಕಿಸ್ತಾನಕ್ಕೋ ಹೋಗಿ, ಅಲ್ಲಿ ಹದಿನಾಲ್ಕು ದಿನ ಹೋಟೆಲಿನಲ್ಲಿ ಕೂತು ದುಬೈ ಸೇರಿದರು. ಅಪ್ಪಯ್ಯನ ಗಾಯ ಮಾಯುವ ಮುನ್ನ ನಾನು ಹೊರಡುವ ಹಾಗಿರಲಿಲ್ಲ. ಜುಲೈಯಲ್ಲಿ ವೀಸಾ ಮುಗಿದೇಹೋಯಿತು.

ಆಗಸ್ಟ್ 5ರಿಂದ, ಯುಎಇಯಲ್ಲೇ ಎರಡೂ ಡೋಸ್ ಹಾಕಿಸಿಕೊಂಡ ನಿವಾಸಿಗಳನ್ನು ಬಿಡತೊಡಗಿದರು. ನಾನು ಹೊರಡುವ ಮೊದಲೇ ದುಬೈಯಲ್ಲಿ ಲಸಿಕೆ ಮುಗಿಸಿದ್ದೆ. ಊರಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡ ನನ್ನ ಪರಿಚಯದವರು ಇನ್ನೂ ಕಾಯಬೇಕಾಯಿತು. ಅವಧಿ ಮುಗಿದ ವೀಸಾಗಳನ್ನು ದುಬೈ ಆಡಳಿತ ನವೆಂಬರ್‌ವರೆಗೆ ತಾನಾಗಿ ವಿಸ್ತರಿಸಿತು. ಸರ್ಕಾರದ ವೆಬ್‌ಸೈಟಿನಲ್ಲಿ ನನ್ನ ಹೆಸರಿನೆದುರು ಹೊಸ ದಿನಾಂಕ ಕಂಡ ಮೇಲೇ ಟಿಕೆಟ್ ತೆಗೆದದ್ದು. ಹಾರುವ ಕೆಲವೇ ಗಂಟೆ ಮೊದಲು ನಿಲ್ದಾಣದಲ್ಲೇ ರ‍್ಯಾಪಿಡ್ ಪಿಸಿಆರ್ ಆಗಬೇಕಿತ್ತು. ಶುರುವಿನಲ್ಲಿ ಮಂಗಳೂರಿನಲ್ಲಿ ಆ ಸೌಲಭ್ಯವಿರಲಿಲ್ಲ, ಬೆಂಗಳೂರಿಗೆ ಹೋಗಿ ಹತ್ತಿದೆ.

ಅಂಗಡಿ ಉಳಿಯಿತು. ನಾಲ್ವರಲ್ಲಿ ಇಬ್ಬರು ಹುಡುಗರನ್ನು ಉಳಿಸಿಕೊಳ್ಳಲಾಗಲಿಲ್ಲ.

ಪಾರ್ಟ್‌ನರ್ ವೀಸಾ ಮಾಡಿಸಲು ಹೊರಟವರಿಗೆ ಏಜೆಂಟರು ಲಾಭದ ಲೆಕ್ಕ ಹೇಳುತ್ತಾರೆ. ನಾನು ಹೇಳುವುದು ಇಷ್ಟೇ: ನೀವು ಊರಿಗೆ ಬರುವ ಮೊದಲು, ದುಬೈಯಲ್ಲಿ ಇರುವಾಗಲೇ ಅಲ್ಲಿನ ನೋಟರಿಯ ಮುಂದೆ ನಂಬಿಕಸ್ಥರೊಬ್ಬರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿ. ಅದರಲ್ಲಿ ಬ್ಯಾಂಕ್, ಲೈಸೆನ್ಸ್, ಬಾಡಿಗೆ ಕರಾರು ಮೂರನ್ನೂ ಹೆಸರಿಸಿ ಬರೆಸಿ.